ಹುಳದ ಮನೆಯ ಅಂಗಿ

ಮೊದಲ ಸಲ ಉಚ್ಚೆ ಕೆಂಪಗೆ ಹೋದದ್ದು ನಮ್ಮ ಹಿಪ್ಪುನೇರಳೆ ತೋಟದ ಬದುವಿನಲ್ಲಿ, ಎಳೆಬಿಸಿಲು ಬೀಳುತ್ತಿದ್ದ ಹೊತ್ತಿನಲ್ಲಿ. ನೋವಿಲ್ಲ, ಉರಿಯಿಲ್ಲ. ಮಣ್ಣಿನ ಮೇಲೆ ಬಿದ್ದ ಬಣ್ಣ ನೋಡಿ, ನಿನ್ನೆ ಬೀಟ್‌ರೂಟ್ ಪಲ್ಯ ತಿಂದಿದ್ದೆನಲ್ಲ ಎಂದುಕೊಂಡೆ. ಆಮೇಲೆ ಲೆಕ್ಕ ಹಾಕಿದರೆ ಆ ಪಲ್ಯ ತಿಂದು ವಾರ ಕಳೆದಿತ್ತು. ಹೆದರಿಕೆಯಾದಾಗ ಮನುಷ್ಯನಿಗೆ ಹೋದ ವಾರವೂ ನಿನ್ನೆಯಾಗಿಬಿಡುತ್ತದೆ.

ನಮ್ಮ ಕಡೆ ಕಾರಣ ಗೊತ್ತಿಲ್ಲದ್ದಕ್ಕೆಲ್ಲ ಉಷ್ಣ ಎಂದು ಹೆಸರು. ಎಳನೀರು ಕುಡಿದೆ, ಬಾರ್ಲಿ ನೀರು ಕುಡಿದೆ, ಮೆಂತ್ಯ ನೆನೆಸಿ ಮಜ್ಜಿಗೆಯ ಜೊತೆ ನುಂಗಿದೆ. ಮೂರನೆಯ ದಿನಕ್ಕೆ ನಿಂತುಹೋಯಿತು. ಗೆದ್ದೆ ಎಂದುಕೊಂಡು ಆ ಖುಷಿಗೇ ಒಂದು ಸಿಗರೇಟು ಹಚ್ಚಿದೆ. ಎರಡು ತಿಂಗಳ ಮೇಲೆ ಮತ್ತೆ ಬಂತು. ಈ ಸಲ ನನಗಿಂತ ಮುಂಚೆ ನೋಡಿದ್ದು ನನ್ನ ಹೆಂಡತಿ ಜಯಮ್ಮ, ಬಟ್ಟೆ ಒಗೆಯುವ ಕಲ್ಲಿನ ಹತ್ತಿರ, ನನ್ನ ಪಂಚೆಯ ಮೇಲೆ.

"ಏನ್ರೀ ಇದು ಕಲೆ?"

"ಹಿಪ್ಪುನೇರಳೆ ಹಣ್ಣಿಂದು. ತೋಟದಾಗೆ ಕೂತಿದ್ದೆ."

"ಮೂವತ್ಮೂರು ವರ್ಷದಿಂದ ಆ ಹಣ್ಣಿನ ಕಲೆ ಒಗೀತಾ ಇವ್ನಿ. ಯಾವ್ದು ಹಣ್ಣು ಯಾವ್ದು ರಕ್ತ ಅಂತ ನಂಗೆ ಹೇಳ್ಕೊಡ್ತೀರಾ?"

ಉಚ್ಚೆಯ ವಿಷಯವನ್ನೆಲ್ಲ ಬರೆಯುತ್ತಾರೆಯೇ ಎಂದು ನಮ್ಮೂರಲ್ಲೇ ಒಬ್ಬರು ಕೇಳಿದರು. ಬರೆಯುತ್ತೇನೆ ಸ್ವಾಮಿ. ನಾಚಿಕೆಪಟ್ಟು ಎರಡು ತಿಂಗಳು ಎಳನೀರು ಕುಡಿದುಕೊಂಡು ಕೂತವನು ನಾನು. ಇದನ್ನು ಓದುವವರಲ್ಲಿ ಅಂಥವನೊಬ್ಬ ಇದ್ದರೆ, ಓದುತ್ತಿರುವುದನ್ನು ಇಲ್ಲಿಗೇ ನಿಲ್ಲಿಸಿ ಡಾಕ್ಟರ ಹತ್ತಿರ ಹೋಗಲಿ. ನನ್ನ ಕಥೆ ಎಲ್ಲಿಗೂ ಓಡಿಹೋಗುವುದಿಲ್ಲ.

ದೇವನಹಳ್ಳಿಯಲ್ಲಿ ಸ್ಕ್ಯಾನ್ ಮಾಡಿದರು. ಹೊಟ್ಟೆಯ ಮೇಲೆ ತಣ್ಣನೆಯ ಅಂಟು ಸವರಿ, ಸ್ಕ್ಯಾನ್ ಮಾಡುವ ಹುಡುಗಿ ಯಂತ್ರವನ್ನು ಅತ್ತಿತ್ತ ಓಡಿಸುತ್ತ ಓಡಿಸುತ್ತ ಒಂದು ಕಡೆ ನಿಲ್ಲಿಸಿದಳು. ಮೊದಲು "ಊಟ ಆಯ್ತಾ ಅಂಕಲ್" ಎಂದೆಲ್ಲ ಮಾತಾಡುತ್ತಿದ್ದವಳು ಆಮೇಲೆ ಮಾತು ನಿಲ್ಲಿಸಿಬಿಟ್ಟಳು. ಆಸ್ಪತ್ರೆಯಲ್ಲಿ ನನಗೆ ಮೊದಲು ಭಯವಾದದ್ದು ಆ ಸುಮ್ಮನಿರುವಿಕೆಗೆ. ಮೂತ್ರಕೋಶದ ಒಳಗೋಡೆಯ ಮೇಲೆ ಹೂಕೋಸಿನ ಹಾಗೆ ಒಂದು ಗಂಟು ಬೆಳೆದಿದೆ, ಬೆಂಗಳೂರಿಗೆ ಹೋಗಿ ಎಂದು ಬರೆದುಕೊಟ್ಟರು.

ಇಲ್ಲಿ ನಮ್ಮ ಕಸುಬಿನ ಬಗ್ಗೆ ಸ್ವಲ್ಪ ಹೇಳಬೇಕು. ದೇವನಹಳ್ಳಿ ತಾಲ್ಲೂಕಿನ ಚನ್ನರಾಯಪಟ್ಟಣ ಹೋಬಳಿಯಲ್ಲಿ ನಮ್ಮದು ರೇಷ್ಮೆಹುಳ ಸಾಕುವ ಮನೆತನ. ನನಗೆ ಈ ಕೆಲಸವನ್ನೂ ಮಾತನ್ನೂ ಕಲಿಸಿದವಳು ನಮ್ಮಜ್ಜಿ ಅಕ್ಕಯಮ್ಮ. "ಹುಳ ಅಂದ್ರೆ ಹಸೀ ಬಾಣಂತಿ ಇದ್ದಂಗೆ ಕಣ್ಲಾ, ಗಾಳಿ ಬೇಕು, ಶೀತ ಆಗ್ಬಾರ್ದು, ಬೆಚ್ಚಗಿರ್ಬೇಕು, ಸೆಕೆ ಆಗ್ಬಾರ್ದು" ಎನ್ನುತ್ತಿದ್ದಳು. ಹದಿನೇಳನೆಯ ವಯಸ್ಸಿನಲ್ಲಿ ನಾನು ಕದ್ದು ಬೀಡಿ ಸೇದಿ, ಅದೇ ಕೈಯಲ್ಲಿ ಒಂದು ಬಿದಿರು ತಟ್ಟೆಯ ಹುಳಗಳಿಗೆ ಸೊಪ್ಪು ಹರಡಿದೆ. ಸ್ವಲ್ಪ ಹೊತ್ತಿಗೆಲ್ಲ ಆ ತಟ್ಟೆಯ ಹುಳಗಳು ಮೇಯುವುದನ್ನು ನಿಲ್ಲಿಸಿ, ತಲೆ ಎತ್ತಿ ತೂಗಾಡುತ್ತ ಹಸಿರು ನೀರು ಕಾರಿದವು. ಸಂಜೆಗೆ ಒಂದೂ ಉಳಿಯಲಿಲ್ಲ.

ಅಜ್ಜಿ ನನಗೆ ಹೊಡೆಯಲಿಲ್ಲ. ಆ ತಟ್ಟೆಯನ್ನು ನನ್ನ ಮಡಿಲಿಗೇ ಇಟ್ಟಳು.

"ನೋಡ್ಕೊ. ನಿನ್ ಬೆರಳಿನ ತುದೀಲಿ ಇದ್ದಿದ್ದಿಷ್ಟೇ ಹೊಗೆಸೊಪ್ಪಿನ ವಿಷ. ಇಷ್ಟಕ್ಕೇ ಒಂದು ತಟ್ಟೆ ಹೋಯ್ತು. ನಾಳೆಯಿಂದ ಬೀಡಿ ಮುಟ್ಟಿದ ಅಂಗಿ ಹುಳದ ಮನೆ ಒಳಕ್ಕೆ ಬರಕೂಡ್ದು."

ಬೀಡಿ ಬಿಡು ಎಂದು ಅವಳು ಹೇಳಲಿಲ್ಲ. ಗಂಡಸರು ಸೇದುವುದನ್ನು ಆ ಕಾಲದ ಹೆಂಗಸರು ಮಳೆ ಬಿಸಿಲಿನ ಹಾಗೆ ಒಪ್ಪಿಕೊಂಡಿದ್ದರು. ಆದರೆ ಹುಳದ ಮನೆಯ ಬಾಗಿಲ ಪಕ್ಕ, ಹೊರಗೋಡೆಗೆ ತಾನೇ ಒಂದು ಮೊಳೆ ಹೊಡೆದು ಅಲ್ಲೊಂದು ಅಂಗಿ ತೂಗುಹಾಕಿದಳು. ಅವತ್ತಿನಿಂದ ಸೇದಿ ಬಂದಾಗಲೆಲ್ಲ ನಾನು ಸೋಪು ಹಾಕಿ ಕೈ ತೊಳೆದು, ಬಾಯಿ ಮುಕ್ಕಳಿಸಿ, ಮೈಮೇಲಿನ ಅಂಗಿ ಬಿಚ್ಚಿ, ಮೊಳೆಯ ಅಂಗಿ ತೊಟ್ಟೇ ಒಳಗೆ ಹೋಗುತ್ತಿದ್ದೆ. ಕೈ ತೊಳೆಯುವುದು ಮನೆಮಂದಿಗೆಲ್ಲ ಇದ್ದ ನಿಯಮ. ಅಂಗಿ ನನಗೊಬ್ಬನಿಗೆ. ಅಂಗಿಗಳು ಹರಿದು ಬದಲಾದವು, ಅಜ್ಜಿ ಹೋದಳು, ಹುಳದ ಮನೆಗೆ ಹೆಂಚು ಹೋಗಿ ಶೀಟು ಬಂತು, ನಾನು ಬೀಡಿಯಿಂದ ಸಿಗರೇಟಿಗೆ ಬಡ್ತಿ ಪಡೆದೆ. ಮೊಳೆ ಮಾತ್ರ ಅದೇ. ನಲವತ್ತು ವರ್ಷದಲ್ಲಿ ನನ್ನ ಹೊಗೆಯಿಂದ ಮತ್ತೊಂದು ಹುಳ ಸತ್ತಿಲ್ಲ. ಅದು ನನ್ನ ಹೆಮ್ಮೆ.

ಆ ಹೆಮ್ಮೆಯನ್ನು ಬೆಂಗಳೂರಿನ ಆಸ್ಪತ್ರೆಯಲ್ಲೂ ಕೊಚ್ಚಿಕೊಂಡೆ. ಡಾಕ್ಟರಮ್ಮ ನಮ್ಮ ಮಗಳ ವಯಸ್ಸಿನವರು. ಸಿಗರೇಟು ಸೇದುತ್ತೀರಾ, ದಿನಕ್ಕೆಷ್ಟು ಎಂದು ಕೇಳಿದರು. ಒಂದು ಪ್ಯಾಕು ಎಂದೆ. ಹಾಗೆಂದು ಎಲ್ಲೆಂದರಲ್ಲಿ ಸೇದುವವನಲ್ಲ, ಹುಳದ ಮನೆಗೆ ಹೋಗುವಾಗ ಹೀಗೆ ಹೀಗೆ ಎಂದು ಮೊಳೆ, ಅಂಗಿ, ಸೋಪು ಎಲ್ಲವನ್ನೂ ವಿವರಿಸಿದೆ.

ಪಕ್ಕದಲ್ಲಿ ಫೈಲು ತಬ್ಬಿಕೊಂಡು ಕೂತಿದ್ದ ಜಯಮ್ಮ ಮೆಲ್ಲಗೆ ಅಂದಳು: "ಹೌದು ಮೇಡಂ. ಹುಳದ ಹತ್ರ ಹೋಗೋವಾಗ ಕೈ ತೊಳೀತಾರೆ, ಬಾಯಿ ಮುಕ್ಕಳಿಸ್ತಾರೆ, ಅಂಗೀನೂ ಬದಲಾಯಿಸ್ತಾರೆ. ನಮ್ ಹತ್ರ ಬರೋವಾಗ ಹಂಗೇ ಬರ್ತಾರೆ."

ನಾನು ಗೋಡೆಯ ಮೇಲಿನ ಕ್ಯಾಲೆಂಡರ್ ನೋಡಿದೆ. ಅವಳ ದನಿಯಲ್ಲಿ ಸಿಟ್ಟಿರಲಿಲ್ಲ. ಊರಿಂದ ಎಷ್ಟು ಹೊತ್ತಿಗೆ ಬಸ್ಸಿದೆ ಎಂದು ಹೇಳುವ ಹಾಗೆ ಹೇಳಿದ್ದಳು. ಸಿಟ್ಟಿದ್ದರೆ ನಾನು ಜಗಳವಾದರೂ ಆಡಬಹುದಿತ್ತು.

"ಮೇಡಂ, ಒಂದ್ ವಿಷ್ಯ ತಿಳೀತಿಲ್ಲ" ಎಂದೆ, ಮಾತು ಬದಲಾಯಿಸಲು. "ಹೊಗೆ ಹೋಗೋದು ಎದೆಗೆ. ಉಚ್ಚೆ ಚೀಲಕ್ಕೆ ಹೆಂಗ್ ಹೋಯ್ತು?"

"ಹೊಗೆ ಎದೇಲೇ ನಿಲ್ಲಲ್ಲ ಯಜಮಾನ್ರೇ. ಅದರಲ್ಲಿರೋ ವಿಷ ರಕ್ತಕ್ಕೆ ಸೇರತ್ತೆ. ಕಿಡ್ನಿ ಆ ರಕ್ತ ಸೋಸಿ, ಬೇಡದ್ದನ್ನ ಚೀಲಕ್ಕೆ ಕಳಿಸತ್ತೆ. ಅಲ್ಲಿ ಅದು ಗಂಟೆಗಟ್ಟಲೆ ನಿಂತಿರತ್ತೆ. ಚೀಲದ ಒಳಗೋಡೇಲಿರೋ ಜೀವಕೋಶಗಳಿಗೆ ದಿನಾ ಆ ನೀರಲ್ಲೇ ಸ್ನಾನ. ಒಂದೊಂದು ಜೀವಕೋಶದ ಒಳಗೂ ಹೇಗೆ ಬೆಳೀಬೇಕು, ಯಾವಾಗ ನಿಲ್ಲಿಸ್ಬೇಕು ಅಂತ ಬರೆದಿಟ್ಟಿರತ್ತೆ ಅಂದ್ಕೊಳ್ಳಿ. ಈ ವಿಷ ಹೋಗಿ ಆ ಬರಹಕ್ಕೇ ಅಂಟ್ಕೊಳ್ಳತ್ತೆ. ಪಾಪ, ಅವು ರಿಪೇರಿ ಮಾಡ್ಕೊಳ್ತಾನೇ ಇರ್ತವೆ, ವರ್ಷಗಟ್ಟಲೆ. ಎಲ್ಲೋ ಒಂದು ಸಲ ರಿಪೇರಿ ತಪ್ಪತ್ತೆ. ನಿಲ್ಲಿಸೋದು ಮರೆತುಹೋಗತ್ತೆ."

ಅವರು ಇನ್ನೂ ಏನೇನೋ ಹೇಳಿದರು. ನನಗೆ ಕಂಡದ್ದು ಮಡಿಲಲ್ಲಿದ್ದ ಆ ತಟ್ಟೆ, ತಲೆ ಎತ್ತಿ ತೂಗಾಡುತ್ತಿದ್ದ ಹುಳಗಳು. ಅವಕ್ಕಾದರೂ ಕಾರುವುದಕ್ಕೆ ಬಾಯಿತ್ತು. ನನ್ನೊಳಗಿದ್ದವು ಸದ್ದಿಲ್ಲದೆ ನಲವತ್ತು ವರ್ಷ ರಿಪೇರಿ ಮಾಡಿಕೊಂಡು ಕೂತಿದ್ದವು.

ಕೊಯ್ಯದೆ, ಮೂತ್ರದ ದಾರಿಯಲ್ಲೇ ಸಲಾಕೆಯಂಥದ್ದನ್ನು ತೂರಿಸಿ ಗಂಟನ್ನು ಕೆರೆದು ತೆಗೆದರು. ಬೆನ್ನಿಗೆ ಸೂಜಿ ಚುಚ್ಚಿದ ಮೇಲೆ ಸೊಂಟದಿಂದ ಕೆಳಗೆ ನನ್ನದಲ್ಲದ ದೇಹ. ಎರಡು ದಿನ ನಳಿಕೆ ಹಾಕಿಕೊಂಡು ಮಲಗಿದ್ದೆ. ಆಮೇಲೆ ಹತ್ತು ದಿನ ರಿಪೋರ್ಟಿಗೆ ಕಾಯುವುದು. ಆ ಹತ್ತು ದಿನಕ್ಕೆ ಹೋಲಿಸಿದರೆ ಆಪರೇಷನ್ ಸಲೀಸು. ಮಗಳು ಹೊಸಕೋಟೆಯಿಂದ ದಿನಾ ಫೋನು ಮಾಡಿ, ರೋಗವೊಂದನ್ನು ಬಿಟ್ಟು ಊರ ಮೇಲಿನದೆಲ್ಲ ಮಾತಾಡುತ್ತಿದ್ದಳು. "ಅಪ್ಪಾ, ಹಸು ಎಷ್ಟು ಹಾಲು ಕೊಡ್ತೈತೆ?" ಎಂದು ಒಂದೇ ದಿನ ಮೂರು ಸಲ ಕೇಳಿದ್ದಾಳೆ.

ರಿಪೋರ್ಟು ಬಂದ ದಿನ ನಾವು ಕಾಯುವ ಬೆಂಚಿನ ಮೇಲೆ ಕೂತಿದ್ದಾಗ ಪಕ್ಕದಲ್ಲೊಬ್ಬರು ಬಂದು ಕೂತರು. ನೆಲಮಂಗಲದ ಆಟೋ ಡ್ರೈವರ್, ಗಂಗಣ್ಣ ಎಂದು. ನನ್ನ ಮುಖ ನೋಡಿ, "ಹೊಸಬ್ರಾ?" ಎಂದು ಕೇಳಿದರು. ಹೌದೆಂದೆ. ಅವರು ಖಾಕಿ ಅಂಗಿಯ ತುದಿ ಎತ್ತಿ ಹೊಟ್ಟೆಗೆ ಅಂಟಿಸಿದ್ದ ಚೀಲ ತೋರಿಸಿದರು.

"ಒಳಗಿನ ಸಂಪು ಕೆಟ್ಟೋಯ್ತು ಗುರು. ತೆಗೆದ್ಬಿಟ್ಟು, ಹೊರಗೆ ಟ್ಯಾಂಕು ಕೂರಿಸವ್ರೆ."

ನನಗೆ ನಗು ಬಂದುಬಿಟ್ಟಿತು. ನಕ್ಕದ್ದಕ್ಕೆ ನಾಚಿಕೆಯಾಯಿತು. ಅವರೇ ನನ್ನ ತೊಡೆ ತಟ್ಟಿದರು.

"ನಗಿ, ನಗಿ. ಆಟೋ ಓಡಿಸ್ತೀನಿ, ಮಗಳ ಮದುವೆ ಮಾಡ್ದೆ, ಎಲ್ಲಾ ಆಗತ್ತೆ. ಆದ್ರೆ ಒಂದ್ ಮಾತು. ನಂಗೂ ಮೊದಲನೇ ಸಲ ಬರೀ ಕೆರೆದು ಬಿಟ್ಟಿದ್ರು. ಸಿಗರೇಟು ಬಿಡಪ್ಪ, ಇಲ್ದಿದ್ರೆ ಮತ್ತೆ ಬರತ್ತೆ ಅಂದಿದ್ರು. ಇವ್ರೇನು ಹೇಳ್ತಾರೆ ಅಂತ ಸೇದ್ದೆ. ನಿಮ್ಗೆ ಉಳಿಸ್ಕೊಳ್ಳೋ ಹಂಗಿದ್ರೆ ಉಳಿಸ್ಕೊಳ್ಳಿ."

ಒಳಗೆ ಡಾಕ್ಟರಮ್ಮ ಹೇಳಿದ್ದೂ ಅದನ್ನೇ. ಗಂಟು ಕ್ಯಾನ್ಸರಿನದೇ, ಸ್ವಲ್ಪ ಜೋರಿನದು. ಆದರೆ ಮಾಂಸದ ಪದರಕ್ಕೆ ಇಳಿದಿಲ್ಲ. ಆರು ವಾರ ಚೀಲದೊಳಗೆ ಔಷಧ ಬಿಡುತ್ತೇವೆ, ಆಮೇಲೆ ಮೂರು ತಿಂಗಳಿಗೊಮ್ಮೆ ಕ್ಯಾಮೆರಾ ಹಾಕಿ ನೋಡುತ್ತೇವೆ. ಸೇದಿದರೆ ತಿರುಗಿ ಬರುವ ಸಂಭವ ಹೆಚ್ಚು. ಆಗ ಚೀಲವನ್ನೇ ತೆಗೆಯಬೇಕಾಗಬಹುದು. ಜಯಮ್ಮ ನನ್ನ ಕೈ ಹಿಡಿಯಲಿಲ್ಲ, ಜನರ ಮುಂದೆ ಹಿಡಿಯುವ ರೂಢಿ ನಮಗಿಲ್ಲ. ಫೈಲಿನ ದಾರವನ್ನು ಬಿಚ್ಚಿ ಕಟ್ಟಿದಳು, ಬಿಚ್ಚಿ ಕಟ್ಟಿದಳು.

ಹೊರಬಂದ ಮೇಲೆ ಜೇಬಿನಲ್ಲಿದ್ದ ಪ್ಯಾಕನ್ನು ಅವಳ ಕೈಗೆ ಕೊಟ್ಟೆ. ಅದನ್ನು ಸೆರಗಿನ ತುದಿಯಿಂದ ಹಿಡಿದು, ಸತ್ತ ಇಲಿ ಎತ್ತಿದ ಹಾಗೆ ತೆಗೆದುಕೊಂಡು ಹೋಗಿ ಆಸ್ಪತ್ರೆಯ ಡಬ್ಬಕ್ಕೆ ಹಾಕಿ ಬಂದಳು.

ಆ ಆರು ವಾರದ ಔಷಧ ಏನೆಂದರೆ, ಹುಟ್ಟಿದ ಮಕ್ಕಳ ತೋಳಿಗೆ ಕ್ಷಯದ ಚುಚ್ಚುಮದ್ದು ಹಾಕುತ್ತಾರಲ್ಲ, ಅದೇ ಜಾತಿಯದು. ನಳಿಕೆಯಲ್ಲಿ ಒಳಕ್ಕೆ ಬಿಟ್ಟು, ಎರಡು ಗಂಟೆ ಹಿಡಿದಿಟ್ಟುಕೊಳ್ಳಬೇಕು. ಕಾಲು ಗಂಟೆಗೊಮ್ಮೆ ಮಗ್ಗಲು ಬದಲಾಯಿಸಬೇಕು: ಎಡಕ್ಕೆ, ಬಲಕ್ಕೆ, ಬೋರಲು, ಅಂಗಾತ. ಔಷಧ ಎಲ್ಲ ಗೋಡೆಗೂ ತಾಗಲೆಂದು. ಜಯಮ್ಮ ಮಂಚದ ಪಕ್ಕ ಮೊಬೈಲು ಹಿಡಿದು ಕೂತಳು.

"ಹೂಂ, ಹೊರಳಿ."

"ರೊಟ್ಟಿ ತಿರುವಿ ಹಾಕ್ದಂಗೆ ಹಾಕ್ತೀಯಲ್ಲೇ."

"ರೊಟ್ಟಿಗೆ ಎರಡೇ ಮಗ್ಗಲು. ನಿಮ್ಗೆ ನಾಕು. ಹೊರಳಿ ಸುಮ್ನೆ."

ಅವತ್ತು ಮನೆಗೆ ಹೋದ ಮೇಲೂ ಆರು ಗಂಟೆಗಳ ಕಾಲ ಕೂತೇ ಮೂತ್ರ ಮಾಡಬೇಕು, ಬ್ಲೀಚಿಂಗ್ ಹಾಕಿ ಸ್ವಲ್ಪ ಹೊತ್ತು ಬಿಟ್ಟು ನೀರು ಹುಯ್ಯಬೇಕು ಎಂದು ನರ್ಸಮ್ಮ ಎರಡೆರಡು ಸಲ ಹೇಳಿದರು. ಜಯಮ್ಮನ ಮುಖ ಅರಳಿತು. ಆ ಆಸ್ಪತ್ರೆಯಲ್ಲಿ ಅವಳಿಗೆ ಗೊತ್ತಿದ್ದ ವಸ್ತುವಿನ ಹೆಸರು ಅದೊಂದೇ. "ಅಯ್ಯೋ, ಬ್ಲೀಚಿಂಗ್ ಪೌಡ್ರು ನಮ್ಮನೇಲಿ ಮೂಟೆ ಐತೆ ಸಿಸ್ಟರ್! ಪ್ರತಿ ಬೆಳೆಗೂ ಹುಳದ ಮನೆಗೆ ಹೊಡೆಯೋದು ಅದೇ ಅಲ್ವಾ?" ಮನೆಗೆ ಬಂದವಳೇ ಬಚ್ಚಲಿಗೆ ಹುಳದ ಮನೆಯ ಹಾಗೆಯೇ ಹೊಡೆದಳು. ಒಳಗೆ ಹೋದರೆ ಕಣ್ಣು ಬಿಡಲಾಗುತ್ತಿರಲಿಲ್ಲ.

ಆ ಸಲ ಹುಳ ತರುವುದು ಬೇಡ ಎಂದಿದ್ದೆ. ಅವಳು ಕೇಳಲಿಲ್ಲ, ತಂದಳು. "ಮನೇಲಿ ಸುಮ್ನೆ ಕೂತ್ರೆ ನೀವೂ ಯೋಚ್ನೆ ಮಾಡ್ತೀರ, ನಾನೂ ಯೋಚ್ನೆ ಮಾಡ್ತೀನಿ. ಹುಳಕ್ಕೆ ಹೊತ್ತೊತ್ತಿಗೆ ಸೊಪ್ಪು ಹಾಕ್ತಿದ್ರೆ ಹೊತ್ತು ಹೋಗತ್ತೆ." ಸಿಗರೇಟು ಬಿಟ್ಟ ಮೇಲೆ ಮೊದಲ ಸಲ ಸೊಪ್ಪಿನ ಹೊರೆ ಹೊತ್ತು ಬಾಗಿಲಿಗೆ ಬಂದಾಗ ರೂಢಿಯ ಮೇಲೆ ಕೈ ಮೊಳೆಗೆ ಹೋಯಿತು. ಒಳಗಿನಿಂದ ಅವಳು, "ಇನ್ಯಾಕೆ ಅದು? ಕೈ ತೊಳ್ಕೊಂಡು ಹಂಗೇ ಬನ್ನಿ" ಎಂದಳು. ನಲವತ್ತು ವರ್ಷದಲ್ಲಿ ಮೊದಲ ಬಾರಿ, ಮೈಮೇಲಿದ್ದ ಅಂಗಿಯಲ್ಲೇ ಒಳಗೆ ಹೋದೆ. ಹುಳಗಳು ತಲೆ ಎತ್ತಲಿಲ್ಲ. ಅವುಗಳ ಪಾಡಿಗೆ ಮೇಯುತ್ತಿದ್ದವು.

ಮೂರನೆಯ ವಾರದ ಔಷಧದ ಮರುದಿನ ನನಗೆ ಮೈ ನಡುಗಿ ಜ್ವರ ಬಂತು. ಬರಬಹುದು, ಒಂದೆರಡು ದಿನದಲ್ಲಿ ಇಳಿಯದಿದ್ದರೆ ಫೋನು ಮಾಡಿ ಎಂದು ಮೊದಲೇ ಹೇಳಿದ್ದರು. ಹುಳಗಳೂ ಅದೇ ದಿನ ಪೊರೆ ಕಳಚಲು ಕೂತಿದ್ದವು. ಅದಕ್ಕೂ ನಮ್ಮಲ್ಲಿ ಜ್ವರ ಎಂದೇ ಹೇಳುವುದು. ಆಗ ಹುಳ ತಿನ್ನುವುದಿಲ್ಲ, ಅಲ್ಲಾಡುವುದಿಲ್ಲ, ಅದನ್ನು ಮುಟ್ಟಬಾರದು. ಜಯಮ್ಮ ಕಂಬಳಿ ಹೊದಿಸಿ, ಗಂಜಿಯ ಲೋಟವನ್ನು ತಲೆದಿಂಬಿನ ಪಕ್ಕ ಇಟ್ಟು, "ಅವೂ ಜ್ವರಕ್ಕೆ ಕೂತವೆ, ನೀವೂ ಕೂತ್ಕೊಳ್ಳಿ. ಇವತ್ತು ಯಾರ್ನೂ ನಾನು ಮಾತಾಡ್ಸಲ್ಲ" ಎಂದು ಹೊಸ್ತಿಲ ಮೇಲೆ ಕೂತು ಅವರೆಕಾಯಿ ಸುಲಿದಳು. ಅವಳು ಸಿಪ್ಪೆ ಎಸೆಯುವ ಸದ್ದು ಕೇಳುತ್ತ ನಿದ್ದೆ ಹೋದೆ. ಮರುದಿನ ಹುಳಗಳು ಎದ್ದವು. ನಾನೂ ಎದ್ದೆ.

ಆರು ವಾರ ಮುಗಿಯಿತು. ಇನ್ನು ಕ್ಯಾಮೆರಾ ಹಾಕಿ ನೋಡುವ ದಿನಕ್ಕೆ ಕಾಯುವುದು. ಬೆಳೆ ಮುಗಿದು ಮುಂದಿನ ಬೆಳೆಯ ಹುಳವೂ ಬಂದಿತ್ತು. ಪರೀಕ್ಷೆಗೆ ಒಂದು ವಾರ ಇದೆ ಎನ್ನುವಾಗ, ಡೈರಿಗೆ ಹಾಲು ಹಾಕಲು ಹೋದ ನನಗೆ ನನ್ನ ಹಳೆಯ ಜೊತೆಗಾರ ಪಿಳ್ಳಪ್ಪ ಸಿಕ್ಕಿದ. ನಾವಿಬ್ಬರೂ ಒಂದೇ ಬೀಡಿ ಹಂಚಿಕೊಂಡು ಕಲಿತವರು.

"ಏನ್ಲಾ ಮುನಿರಾಜ, ಮುಖ ಹಿಂಗ್ ಮಾಡ್ಕೊಂಡಿದ್ದೀಯ?"

"ಸೋಮವಾರ ನೋಡ್ತಾರಂತೆ ಕಣ್ಲಾ. ಏನ್ ಐತೋ ಒಳಗೆ."

ಪಿಳ್ಳಪ್ಪ ಕೆಟ್ಟವನಲ್ಲ. ಅವನ ಹತ್ತಿರ ಇದ್ದ ಸಮಾಧಾನ ಅದೊಂದೇ. ಪ್ಯಾಕು ಮುಂದೆ ಹಿಡಿದ. ತೆಗೆದುಕೊಂಡೆ. ಪೂರ್ತಿ ಸೇದಿದೆ. ಮೊದಲ ದಮ್ಮಿಗೆ ತಲೆ ತಿರುಗಿತು, ಎರಡನೆಯದಕ್ಕೆ ಎಲ್ಲಾ ಮರೆತುಹೋಯಿತು, ಬೆರಳು ಸುಟ್ಟಾಗ ಎಲ್ಲಾ ನೆನಪಿಗೆ ಬಂತು.

ಮನೆಗೆ ಬಂದಾಗ ಸೊಪ್ಪು ಹಾಕುವ ಹೊತ್ತು. ಜಯಮ್ಮ ಆಗಲೇ ಹುಳದ ಮನೆಯೊಳಗಿದ್ದಳು. ನಾನು ಕೈ ತೊಳೆದೆ. ಬಾಯಿ ಮುಕ್ಕಳಿಸಿದೆ. ಅಂಗಿ ಬಿಚ್ಚಿದೆ, ಮೊಳೆಯ ಅಂಗಿ ಕೊಡವಿ ತೊಟ್ಟೆ, ಒಳಗೆ ಹೋದೆ. ಯೋಚಿಸಿ ಮಾಡಿದ್ದಲ್ಲ. ಎಪ್ಪತ್ತೆಂಬತ್ತು ತಟ್ಟೆ ಹುಳ, ಹಣ್ಣಾಗಿ ಗೂಡು ಕಟ್ಟಲು ಮೂರೇ ದಿನ. ಕೈ ತಾನಾಗಿಯೇ ಮಾಡಿತು.

ಅವಳು ಸೊಪ್ಪು ಹರಡುತ್ತಿದ್ದವಳು ತಲೆ ಎತ್ತಿ ನೋಡಿದಳು. ನನ್ನ ಮುಖವನ್ನಲ್ಲ, ಅಂಗಿಯನ್ನು. ಆಗ ನನಗೆ ತಿಳಿಯಿತು. ಬಾಯಿಯ ವಾಸನೆ ಮುಚ್ಚಿಡಲು ಏಲಕ್ಕಿ ಜಗಿದುಕೊಂಡು ಬಂದವನು, ಅಂಗಿ ಬದಲಾಯಿಸಿ ಒಪ್ಪಿಕೊಂಡುಬಿಟ್ಟಿದ್ದೆ.

ಅವಳು ಇನ್ನೆರಡು ತಟ್ಟೆಗೆ ಸೊಪ್ಪು ಹಾಕಿದಳು. ಆಮೇಲೆ, "ಹುಳಕ್ಕೆ ನಿಜ ಹೇಳಿದ್ರಿ" ಎಂದಳು. "ನಂಗೆ ಹೇಳ್ಬೇಕು ಅಂತ ಅನ್ನಿಸ್ಲಿಲ್ವಾ?"

"ಭಯ ಆಯ್ತು ಕಣೆ."

"ನಂಗೇನು, ಭಯ ಇಲ್ವಾ?" ಅವಳು ಮುಂದಿನ ತಟ್ಟೆ ಎಳೆದುಕೊಂಡಳು. "ಇಷ್ಟು ದಿನ ಒಂದಿನಾನೂ ಅಳ್ಲಿಲ್ಲ ನಾನು. ಅತ್ರೆ ನೀವು ಹೆದ್ರ್ಕೋತೀರ ಅಂತ. ಬಸ್ಸಿನಾಗೆ ಕಿಟಕಿ ಕಡೆ ಕೂತ್ಕೊತಿದ್ದಿದ್ದು ಯಾಕೆ ಅಂದ್ಕೊಂಡ್ರಿ?"

ಪ್ರತಿ ಸಲ ಅವಳು ಕಿಟಕಿಯ ಸೀಟಿಗೆ ಹಟ ಮಾಡುತ್ತಿದ್ದುದನ್ನು ನಾನು ಗಾಳಿಗೆ ಎಂದುಕೊಂಡಿದ್ದೆ.

ಅವಳು ಅತ್ತಳು. ನಾನೂ ಅತ್ತೆ. ಸೊಪ್ಪು ಹಾಕುವುದನ್ನು ಮಾತ್ರ ನಿಲ್ಲಿಸಲಿಲ್ಲ. ಹುಳಕ್ಕೆ ಹೊತ್ತು ಮೀರಬಾರದು. ಕೊನೆಯ ತಟ್ಟೆಗೆ ಬಂದಾಗ ನಾನೇ ಹೇಳಿದೆ: "ಇನ್ ಮೇಲೆ ಸೇದ್ಬೇಕು ಅನ್ಸಿದ್ರೆ ಮೊದ್ಲು ನಿನ್ ಹತ್ರ ಬಂದು ಹೇಳ್ತೀನಿ."

"ಬಂದು ಹೇಳಿ. ಬಯ್ಯಲ್ಲ" ಎಂದು ಸೆರಗಿನಿಂದ ಮೂಗು ಒರೆಸಿಕೊಂಡಳು. "ಬಯ್ತೀನಿ. ಆದ್ರೂ ಬಂದು ಹೇಳಿ."

ಸೋಮವಾರ ಡಾಕ್ಟರಮ್ಮನಿಗೂ ಹೇಳಿದೆ. ಜಯಮ್ಮ ಚಾಡಿ ಹೇಳುವವಳಲ್ಲ, ನಾನೇ ಬಾಯಿಬಿಟ್ಟೆ. "ಒಂದು ಸೇದಿದ್ರಾ? ಎರಡನೇದು?" ಎಂದು ಕೇಳಿದರು. ಇಲ್ಲ ಎಂದೆ. "ಸರಿ, ಆ ಎರಡನೇದನ್ನ ಯಾವತ್ತೂ ಸೇದಬೇಡಿ" ಎಂದಷ್ಟೇ ಹೇಳಿ ಒಳಗೆ ಕರೆದರು. ಕ್ಯಾಮೆರಾ ಒಳಗಿದ್ದಾಗ ಪರದೆಯ ಮೇಲೆ ನನಗೂ ತೋರಿಸಿದರು. ನಸುಗೆಂಪು ಗೋಡೆ, ಸಣ್ಣ ಸಣ್ಣ ರಕ್ತನಾಳ, ಕೆರೆದಿದ್ದ ಜಾಗದಲ್ಲಿ ಬೆಳ್ಳನೆಯ ಕಲೆ. ಅಷ್ಟೇ. "ಕ್ಲೀನ್ ಇದೆ ಯಜಮಾನ್ರೇ." ಇಷ್ಟು ವರ್ಷ ನನ್ನ ವಿಷದಲ್ಲಿ ಮಿಂದು ಮಿಂದು ರಿಪೇರಿ ಮಾಡಿಕೊಂಡೇ ಬಂದಿದ್ದ ಆ ಗೋಡೆಗೆ ಕೈ ಮುಗಿಯಬೇಕೆನ್ನಿಸಿತು. ಕೈಗಳೆರಡೂ ಮಂಚದ ಅಂಚು ಹಿಡಿದಿದ್ದವು.

ಹೊರಗೆ ಬೆಂಚಿನ ಮೇಲೆ ಗಂಗಣ್ಣ ಸಿಕ್ಕಿದರು. ಸುದ್ದಿ ಕೇಳಿ, "ನಿಮ್ ಸಂಪು ಉಳೀತು ಬಿಡಿ ಗುರು" ಎಂದು ನನಗಿಂತ ಜೋರಾಗಿ ಸಂತೋಷಪಟ್ಟರು.

ಇದೆಲ್ಲ ಆಗಿ ಎರಡು ವರ್ಷವಾಗುತ್ತ ಬಂತು. ಇನ್ನೂ ಹೋಗಿ ತೋರಿಸಿಕೊಂಡು ಬರುತ್ತೇನೆ. ಹೋಗುವ ಹಿಂದಿನ ದಿನ ಈಗಲೂ ಅನ್ನ ಇಳಿಯುವುದಿಲ್ಲ. ಸಿಗರೇಟಿನ ಆಸೆಯೂ ಸತ್ತಿಲ್ಲ. ಡೈರಿಯ ಹತ್ತಿರ ಗಾಳಿ ಈ ಕಡೆ ಬೀಸಿದರೆ ಮೂಗು ತಾನಾಗಿ ಅತ್ತ ತಿರುಗುತ್ತದೆ. ಅಂಥ ದಿನ ಮನೆಗೆ ಬಂದು ಹೇಳುತ್ತೇನೆ. ಅವಳು ಬಯ್ಯುತ್ತಾಳೆ, ಆಮೇಲೆ ಕಾಫಿ ಕೊಡುತ್ತಾಳೆ. ಬಸ್ಸಿನಲ್ಲಿ ಕಿಟಕಿಯ ಸೀಟು ಈಗ ನನಗೆ ಬಿಟ್ಟಿದ್ದಾಳೆ.

ಆಸ್ಪತ್ರೆಯ ರಿಪೋರ್ಟುಗಳೆಲ್ಲ ಫೈಲಿನಲ್ಲಿವೆ. ಜಯಮ್ಮನಿಗೆ ಅವನ್ನು ಓದಲು ಬಾರದು. ಅವಳ ರಿಪೋರ್ಟು ಬೇರೆ ಇದೆ. ಮೊಳೆಯ ಅಂಗಿಯನ್ನು ಅವಳು ತೆಗೆಯಲೂ ಇಲ್ಲ, ಒಗೆಯಲೂ ಇಲ್ಲ. ಮೊನ್ನೆ ಹೊಸ ಬೆಳೆಗೆ ಹುಳದ ಮನೆ ಗುಡಿಸುವಾಗ ಹೊರಗೆ ಬಂದು, ಆ ಅಂಗಿಯ ಹೆಗಲ ಮೇಲೆ ಬೆರಳಿನಿಂದ ಒಂದು ಗೀರು ಎಳೆದಳು. ಜೇಬಿನೊಳಗೆ ಕಣಜವೊಂದು ಮಣ್ಣಿನ ಗೂಡು ಕಟ್ಟಿತ್ತು.

ಬೆರಳ ತುದಿಯನ್ನು ನನ್ನ ಮುಖದ ಹತ್ತಿರ ತಂದು ತೋರಿಸಿದಳು.

"ನೋಡಿ, ಎಷ್ಟು ಧೂಳು ಕೂತೈತೆ!" ಎಂದಳು. ಹಬ್ಬಕ್ಕೆ ಹೊಸ ಸೀರೆ ತಂದುಕೊಟ್ಟಾಗಲೂ ಅವಳ ಮುಖ ಅಷ್ಟು ಅರಳಿದ್ದನ್ನು ನಾನು ಕಂಡಿಲ್ಲ.